ಗುಜರಿ ಸ್ಕ್ಯಾನರ್ ಬಿಚ್ಚಿ ಸಿಎನ್‌ಸಿ ಮಾಡಲು ಹೊರಟಿದ್ದೇನೆ, ಮೂರು ಮೋಟರ್ ಮೂರು ತರ ಇವೆ

ಗುಜರಿಪ್ರಿಯ · ಶನಿವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಮನೆ ಬೆಂಗಳೂರಿನ ಬಸವೇಶ್ವರನಗರ. ಹೊಟ್ಟೆಪಾಡಿಗೆ ಲೆಕ್ಕ ಬರೆಯುತ್ತೇನೆ, ಎಲೆಕ್ಟ್ರಾನಿಕ್ಸ್ ಹುಚ್ಚು ಮಾತ್ರ.

ಮನೆ ಹತ್ತಿರದ ಗುಜರಿ ಅಂಗಡಿಯಲ್ಲಿ ಮೂರು ಫ್ಲಾಟ್‌ಬೆಡ್ ಸ್ಕ್ಯಾನರ್ ಬಿದ್ದಿದ್ದವು. ತೂಕದ ಲೆಕ್ಕದಲ್ಲಿ ಕೊಡುತ್ತೇನೆ ಎಂದವರು ನನ್ನ ಮುಖದಲ್ಲಿದ್ದ ಆಸೆ ನೋಡಿ ಒಂದಕ್ಕೆ 150 ಮಾಡಿದರು. ಚೌಕಾಸಿ ಮಾಡಿ ಮೂರಕ್ಕೆ 400 ಕೊಟ್ಟು ತಂದೆ. ಈಗ ಹಾಲ್ ತುಂಬ ಪ್ಲಾಸ್ಟಿಕ್, ಮನೆಯಲ್ಲಿ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.

ಒಳಗೆ ಸಿಕ್ಕಿದ್ದು ಇಷ್ಟು. ಮೊದಲನೆಯದು ಪ್ಯಾರಲಲ್ ಪೋರ್ಟ್ ಕಾಲದ್ದು, ಭಾರಿ ತೂಕ. ಅದರಲ್ಲಿ ಚೌಕಾಕಾರದ ಮೋಟರ್, ಅಳೆದರೆ 42 ಎಂ.ಎಂ., ಮೇಲೆ 1.8 ಡಿಗ್ರಿ ಅಂತ ಇದೆ (ಒಂದೊಂದು ಸ್ಟೆಪ್ಪಿಗೆ ಅಷ್ಟು ತಿರುಗುವ ಸ್ಟೆಪ್ಪರ್ ಮೋಟರ್), ಆರು ವೈರ್. ಎರಡನೆಯದರಲ್ಲಿ ತಗಡಿನ ಡಬ್ಬಿಯಂಥ ದುಂಡು ಮೋಟರ್, 7.5 ಡಿಗ್ರಿ, ನಾಲ್ಕು ವೈರ್, ಜೊತೆಗೆ ಪ್ಲಾಸ್ಟಿಕ್ ಗೇರು ಮತ್ತು ಹಲ್ಲಿನ ಬೆಲ್ಟು. ಮೂರನೆಯದು ತೆಳ್ಳಗಿನ ಯುಎಸ್‌ಬಿ ಸ್ಕ್ಯಾನರ್. ಅದರ ಮೋಟರ್ ನನ್ನ ಹೆಬ್ಬೆರಳಿನಷ್ಟೂ ಇಲ್ಲ.

ಆಸೆ ಏನೆಂದರೆ ತೇಗದ ಹಲಗೆ ಮೇಲೆ ಮನೆ ಹೆಸರು ಕೆತ್ತುವ, ಕಂಪ್ಯೂಟರ್ ಹೇಳಿದಂತೆ ಓಡುವ ಮೆಷಿನ್, ಅಂದರೆ ಸಿಎನ್‌ಸಿ. ಆಗುತ್ತಾ? ಸ್ಕ್ಯಾನರ್ ಬೋರ್ಡನ್ನೇ ಮೋಟರ್ ಓಡಿಸಲು ಬಳಸಬಹುದಾ? ಆರು ವೈರಿನಲ್ಲಿ ಯಾವುದು ಏನು?

ಸೋಲ್ಡರ್ ಹೊಗೆ · ಶನಿವಾರ, ರಾತ್ರಿ 11:15

ಎಸ್.ಪಿ. ರೋಡ್ ಹಿಂದಿನ ಗಲ್ಲಿಯಲ್ಲಿ ರಿಪೇರಿ ಟೇಬಲ್ ಇಟ್ಟುಕೊಂಡವನು ನಾನು. ಬೋರ್ಡ್ ಆಸೆ ಬಿಡಿ ಸರ್. ಅದರ ಮಧ್ಯದ ದೊಡ್ಡ ಚಿಪ್ ಆ ಕಂಪನಿಯೇ ಮಾಡಿಸಿಕೊಂಡದ್ದು, ಅದಕ್ಕೆ ಯಾವ ಕಾಗದಪತ್ರವೂ ಸಿಗುವುದಿಲ್ಲ. ಕೆಲವು ಹಳೇ ಬೋರ್ಡಿನಲ್ಲಿ ಯುಎಲ್‌ಎನ್2003 ಎಂಬ ಮೋಟರ್ ಓಡಿಸುವ ಚಿಪ್ ಇರುತ್ತದೆ. ಏಳು ಚಾನೆಲ್, ಒಂದೊಂದಕ್ಕೆ ಅರ್ಧ ಆಂಪಿಯರ್. ಅದನ್ನು ಕಿತ್ತಿಟ್ಟುಕೊಳ್ಳಿ. ಕ್ಯಾರೇಜ್ (ಸ್ಕ್ಯಾನರ್ ಒಳಗೆ ಓಡಾಡುವ ಭಾಗ) ತನ್ನ ಶುರುವಿನ ಜಾಗ ಮುಟ್ಟಿದಾಗ ಗುರುತು ಹಿಡಿಯುವ ಆಪ್ಟೋ ಸೆನ್ಸರ್ ಇದ್ದರೆ ಅದೂ ಬೇಕು, ಲಿಮಿಟ್ ಸ್ವಿಚ್ ಆಗುತ್ತದೆ. 12 ವೋಲ್ಟ್ ಅಡಾಪ್ಟರ್ ಸಿಕ್ಕಿದ್ದರೆ ಪರೀಕ್ಷೆಗೆ ಸಾಕು.

ಆರು ವೈರಿಗೆ ಮಲ್ಟಿಮೀಟರ್ ಸಾಕು. ಓಮ್ಸ್‌ಗೆ ಇಟ್ಟು ಎರಡೆರಡು ವೈರ್ ಮುಟ್ಟಿಸಿ. ಮೂರು ಮೂರರ ಎರಡು ಗುಂಪು ಬರುತ್ತವೆ, ಆ ಗುಂಪಿಗೂ ಈ ಗುಂಪಿಗೂ ಸಂಬಂಧವೇ ಇರುವುದಿಲ್ಲ. ಒಂದು ಗುಂಪಿನೊಳಗೆ ಯಾವ ಜೋಡಿಗೆ ಜಾಸ್ತಿ ಓಮ್ಸ್ ಬರುತ್ತದೋ ಅವು ಕಾಯಿಲಿನ ಎರಡು ತುದಿ. ಉಳಿದದ್ದು ನಡುವಿನ ವೈರ್, ತುದಿಗಳಿಗೆ ಅದರಿಂದ ಅರ್ಧರ್ಧ ಬರುತ್ತದೆ. ನಡುವಿನ ಎರಡೂ ವೈರಿಗೆ ಟೇಪ್ ಸುತ್ತಿ ಬಿಡಿ, ಮಿಕ್ಕ ನಾಲ್ಕನ್ನು ಮಾಮೂಲಿ ನಾಲ್ಕು ವೈರಿನ ಮೋಟರ್ ತರ ಓಡಿಸಿ.

ಮೀಟರ್ ಇಲ್ಲದಿದ್ದರೆ ಎರಡು ವೈರ್ ಸೇರಿಸಿ ಶಾಫ್ಟ್ ತಿರುಗಿಸಿ ನೋಡಿ. ಬಿಗಿ ಅನಿಸಿದರೆ ಎರಡೂ ಒಂದೇ ಕಾಯಿಲಿನವು.

ಇನ್ನೊಂದು, ಮೊದಲೇ ಹೇಳಬೇಕಿತ್ತು. ಆ ಹಳೇ ಎರಡರಲ್ಲಿ ತೆಳ್ಳಗಿನ ಟ್ಯೂಬ್ ಲೈಟ್ ಇದೆ ಅಲ್ವಾ? ಅದರೊಳಗೆ ಪಾದರಸ ಇರುತ್ತದೆ. ಒಡೆಯಬೇಡಿ. ಅದಕ್ಕೆ ಹಚ್ಚಿದ ಸಣ್ಣ ಇನ್ವರ್ಟರ್ ನೂರಾರು ವೋಲ್ಟ್ ಕೊಡುತ್ತದೆ, ಕರೆಂಟ್ ಕೊಟ್ಟು ಆಟ ಆಡಬೇಡಿ. ತೆಳ್ಳಗಿನ ಮೂರನೆಯದರಲ್ಲಿ ಎಲ್‌ಇಡಿ ಇರುತ್ತದೆ, ಅದರ ಭಯ ಇಲ್ಲ.

ಪೀಣ್ಯ ಲೇತ್ · ಭಾನುವಾರ, ಬೆಳಿಗ್ಗೆ 7:05

ತೇಗ ಕೆತ್ತುವುದಾ? ಬೇಡ ಸ್ವಾಮಿ.

ನಾನು ಇಪ್ಪತ್ತು ವರ್ಷದಿಂದ ಮೆಷಿನ್ ಮುಂದೆ ನಿಂತವನು. ಕತ್ತರಿಸುವ ಮೆಷಿನಿನಲ್ಲಿ ಮೋಟರ್ ಕೊನೆಯ ಮಾತು. ಮೊದಲ ಮಾತು ಗಟ್ಟಿತನ. ನಿಮ್ಮ ಸ್ಕ್ಯಾನರಿನಲ್ಲಿ ಒಂದೇ ರಾಡ್ ಇದೆ, ಬಿಚ್ಚಿದಾಗ ನೋಡಿರಬೇಕು. ಇನ್ನೊಂದು ಬದಿ ಸುಮ್ನೆ ಪ್ಲಾಸ್ಟಿಕ್ ಮೇಲೆ ಜಾರುತ್ತದೆ. ಎಳೆಯುವುದು ಒಂದು ಕನ್ನಡಿ, ಒಂದು ಟ್ಯೂಬ್. ಅದರ ಮೇಲೆ ಬಿಟ್ ತಿರುಗಿಸುವ ಸ್ಪಿಂಡಲ್ ಕೂರಿಸಿ ತೇಗಕ್ಕೆ ಒತ್ತಿದರೆ ರಾಡ್ ಬಗ್ಗುತ್ತದೆ, ಬಿಟ್ ನಡುಗುತ್ತದೆ, ಅಕ್ಷರ ಹಲ್ಲುಹಲ್ಲಾಗುತ್ತದೆ.

ಲೆಕ್ಕದವರು ನೀವು, ಲೆಕ್ಕ ಕೇಳಿ. ರಾಡ್ ಬಗ್ಗುವುದು ದಪ್ಪದ ನಾಲ್ಕನೇ ಘಾತದ ಮೇಲೆ ಹೋಗುತ್ತದೆ. 8 ಎಂ.ಎಂ. ಬದಲು 12 ಎಂ.ಎಂ. ಹಾಕಿದರೆ ಬಗ್ಗುವುದು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಉದ್ದ ಎರಡು ಪಟ್ಟು ಮಾಡಿದರೆ ಎಂಟು ಪಟ್ಟು ಜಾಸ್ತಿ ಬಗ್ಗುತ್ತದೆ. ಸ್ಕ್ಯಾನರ್ ರಾಡ್ ತೆಳ್ಳಗೂ ಇದೆ, ಉದ್ದವೂ ಇದೆ.

ಪೆನ್ ಹಿಡಿಸಿ. ಥರ್ಮಾಕೋಲ್ ಕುಯ್ಯಿಸಿ. ಅಷ್ಟಕ್ಕೆ ಈ ಸಾಮಾನು ಚಿನ್ನ.

ಜಯನಗರ ಪ್ಲಾಟರ್ · ಭಾನುವಾರ, ಬೆಳಿಗ್ಗೆ 9:30

ಪೀಣ್ಯ ಅಣ್ಣ, ಒಂದು ಅನುಮಾನ. 1200 ಡಿಪಿಐ ಸ್ಕ್ಯಾನರ್ ಅಂದರೆ ಒಂದು ಇಂಚಿಗೆ 1200 ಗೆರೆ. 25.4 ಭಾಗಿಸು 1200, ಸುಮಾರು 0.02 ಎಂ.ಎಂ. ಆಯಿತು. ಅಷ್ಟು ಸೂಕ್ಷ್ಮವಾಗಿ ಕ್ಯಾರೇಜ್ ಓಡುತ್ತದೆ ಅಂದಮೇಲೆ ಸಿಎನ್‌ಸಿಗೆ ಯಾಕೆ ಸಾಲದು?

ಪೀಣ್ಯ ಲೇತ್ · ಭಾನುವಾರ, ಬೆಳಿಗ್ಗೆ 9:52

ಒಳ್ಳೇ ಪ್ರಶ್ನೆ. ಸ್ಕ್ಯಾನರ್ ಸ್ಕ್ಯಾನ್ ಮಾಡುವುದು ಯಾವ ದಿಕ್ಕಿನಲ್ಲಿ? ಒಂದೇ ದಿಕ್ಕಿನಲ್ಲಿ. ವಾಪಸ್ ಬರುವಾಗ ಸುಮ್ನೆ ಓಡಿ ಬರುತ್ತದೆ. ಹಾಗಾಗಿ ಗೇರಿನ ಹಲ್ಲುಗಳ ನಡುವೆ ಎಷ್ಟೇ ಸಡಿಲ ಇದ್ದರೂ ಗೊತ್ತಾಗುವುದಿಲ್ಲ, ಹಲ್ಲು ಯಾವಾಗಲೂ ಒಂದೇ ಮಗ್ಗುಲಿಗೆ ಒತ್ತಿಕೊಂಡಿರುತ್ತದೆ. ನೀವು ಒಂದು ವೃತ್ತ ಬರೆಯಿರಿ. ಹೋಗಬೇಕು, ತಿರುಗಿ ಬರಬೇಕು. ತಿರುಗುವ ಜಾಗದಲ್ಲಿ ಮೋಟರ್ ತಿರುಗುತ್ತದೆ, ಪೆನ್ ಒಂದು ಕ್ಷಣ ನಿಂತಲ್ಲೇ ಇರುತ್ತದೆ. ನಾವು ಬ್ಯಾಕ್‌ಲ್ಯಾಶ್ ಅನ್ನುವುದು ಇದಕ್ಕೇ.

ಹೊಸದೇ ತಗೊಳ್ಳಿ · ಭಾನುವಾರ, ಬೆಳಿಗ್ಗೆ 11:20

ಯಾರೂ ಹೇಳದ ಮಾತು ನಾನು ಹೇಳುತ್ತೇನೆ. ಇಷ್ಟೆಲ್ಲ ಬಿಚ್ಚಿ, ಮೀಟರ್ ಹಿಡಿದು, ಗೇರ್ ಹಲ್ಲು ಎಣಿಸುವ ಬದಲು ನೆಮಾ 17 ಅನ್ನುವ ಪ್ರಮಾಣಿತ ಅಳತೆಯ ಮೋಟರ್ ಎರಡು ಹೊಸದು ತಂದರೆ ಒಂದೇ ಸಂಜೆಯ ಕೆಲಸ. ಒಂದೇ ತರದ ಮೋಟರ್, ಡೇಟಾಶೀಟ್ ಇರುತ್ತದೆ. ನಿಮ್ಮ ಶನಿವಾರ ಭಾನುವಾರಕ್ಕೆ ಬೆಲೆ ಇಲ್ವಾ?

ಗುಜರಿಪ್ರಿಯ · ಭಾನುವಾರ, ಮಧ್ಯಾಹ್ನ 12:10

ನನ್ನ ಭಾನುವಾರಕ್ಕೆ ಬೆಲೆ ಕಟ್ಟಿದರೆ ಈ 400 ರೂಪಾಯಿಯ ಆನಂದದ ಮುಂದೆ ಕಡಿಮೆಯೇ ಬೀಳುತ್ತದೆ ಸರ್.

ಆದರೆ ಒಂದು ವಿಷಯ. 42 ಎಂ.ಎಂ. ಮೋಟರ್ ಬೋಲ್ಟ್ ತೂತುಗಳ ನಡುವೆ ಅಳೆದೆ, ಸರಿಯಾಗಿ 31 ಎಂ.ಎಂ. ಶಾಫ್ಟ್ 5 ಎಂ.ಎಂ. ಅಂದರೆ ಇದೂ ನೆಮಾ 17 ಅಲ್ವಾ? ಬಿಟ್ಟಿ ಸಿಕ್ಕಂತೆ ಆಯಿತು.

ತೇಗ ಬಿಟ್ಟೆ. ಪೆನ್ ಪ್ಲಾಟರ್ ಮಾಡುತ್ತೇನೆ.

ರಂಗೋಲಿ ಅಕ್ಕ · ಭಾನುವಾರ, ಸಂಜೆ 4:45

ಬಹಳ ಒಳ್ಳೇ ನಿರ್ಧಾರ. ನಾನು ಎರಡು ಸ್ಕ್ಯಾನರ್ ಮತ್ತು ಒಂದು ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಿಂದ ಪ್ಲಾಟರ್ ಮಾಡಿಕೊಂಡಿದ್ದೇನೆ. ಚುಕ್ಕಿ ರಂಗೋಲಿ ಬರೆಸುತ್ತೇನೆ, ಗೌರಿ ಗಣೇಶಕ್ಕೆ ಮಂಟಪದ ಥರ್ಮಾಕೋಲ್ ಕಮಾನು ಕುಯ್ಯಿಸುತ್ತೇನೆ. ಪೆನ್ ಬದಲು ಬಿಸಿ ನೈಕ್ರೋಮ್ ತಂತಿ, ಅಷ್ಟೇ ವ್ಯತ್ಯಾಸ. ತಂತಿ ತಾನೇ ಕರಗಿಸಿಕೊಂಡು ಹೋಗುವುದರಿಂದ ಮೋಟರಿಗೆ ಭಾರವೇ ಇಲ್ಲ. ಕಿಟಕಿ ತೆರೆದಿಟ್ಟು ಮಾಡಿ, ಆ ಹೊಗೆ ಒಳ್ಳೆಯದಲ್ಲ.

ನಾನು ಮಾಡಿದ ತಪ್ಪುಗಳನ್ನು ಹೇಳುತ್ತೇನೆ, ನೀವು ಹೊಸ ತಪ್ಪು ಮಾಡಬಹುದು. ಒಂದು, ಇಂಕ್‌ಜೆಟ್ ಪ್ರಿಂಟರ್ ಬಿಚ್ಚಿ ಸ್ಟೆಪ್ಪರ್ ಸಿಗುತ್ತದೆ ಅಂದುಕೊಂಡೆ. ಕ್ಯಾರೇಜಿಗೆ ಇದ್ದದ್ದು ಡಿಸಿ ಮೋಟರ್, ಜೊತೆಗೆ ಸಣ್ಣ ಗೆರೆಗಳ ಪಾರದರ್ಶಕ ಪಟ್ಟಿ. ರಾಡ್ ಮಾತ್ರ ಉಪಯೋಗಕ್ಕೆ ಬಂತು. ಎರಡು, ಪೆನ್ ಎತ್ತಲು ಎಸ್‌ಜಿ90 ಸರ್ವೋ (ಹೇಳಿದ ಕೋನಕ್ಕೆ ತಿರುಗುವ ಸಣ್ಣ ಮೋಟರ್) ಹಾಕಿದೆ, ಜಿಆರ್‌ಬಿಎಲ್ (ಆರ್ಡುಯಿನೊ ಬೋರ್ಡಿನಲ್ಲಿ ಕೂತು ಮೋಟರ್ ಓಡಿಸುವ ತಂತ್ರಾಂಶ) ಮಾಮೂಲಿ ಆವೃತ್ತಿಯಲ್ಲಿ ಅದು ಸರಿಯಾಗಿ ಆಡಲಿಲ್ಲ. ಸರ್ವೋಗೆ ಸೆಕೆಂಡಿಗೆ 50 ಸಲದ ಸಂಕೇತ ಬೇಕು, ಸ್ಪಿಂಡಲ್ ಪಿನ್ನಿನಿಂದ ಬರುವುದು ಅದಕ್ಕಿಂತ ತುಂಬ ವೇಗದ್ದು. ಸರ್ವೋಗೆ ಅಂತ ತಿದ್ದಿದ ಆವೃತ್ತಿ ಹಾಕಿದ ಮೇಲೆ ಸರಿಹೋಯಿತು.

ಮೂರನೆಯದು ಪೀಣ್ಯದವರು ಹೇಳಿದ ಸಡಿಲ. ಅದಕ್ಕೆ ನನ್ನ ಮದ್ದು ಕಿರಾಣಿ ಅಂಗಡಿಯ ತೂಕದ ಬಟ್ಟು. ಕ್ಯಾರೇಜಿಗೆ ದಾರ ಕಟ್ಟಿ, ಟೇಬಲ್ ಅಂಚಿಗೆ ಸಣ್ಣ ರಾಟೆ ಹಾಕಿ, 200 ಗ್ರಾಮ್ ಬಟ್ಟು ಇಳಿಬಿಟ್ಟಿದ್ದೇನೆ. ಯಾವಾಗಲೂ ಒಂದೇ ಕಡೆ ಎಳೆಯುತ್ತಿರುತ್ತದೆ, ಹಲ್ಲು ಮಗ್ಗುಲು ಬದಲಿಸುವುದೇ ಇಲ್ಲ. ನೋಡಲು ಬಾವಿ ತರ ಇದೆ. ನನ್ನ ಮೊಮ್ಮಗ ಬಕೆಟ್ ಎಲ್ಲಿ ಅಂತ ಕೇಳುತ್ತಾನೆ.

ಪೀಣ್ಯ ಲೇತ್ · ಭಾನುವಾರ, ಸಂಜೆ 5:30

ಬಟ್ಟಿನ ಉಪಾಯಕ್ಕೆ ನಮಸ್ಕಾರ ಅಮ್ಮ.

ಗುಜರಿಪ್ರಿಯ · ಬುಧವಾರ, ರಾತ್ರಿ 11:50

ಒಂದು ಕೆಟ್ಟ ಸುದ್ದಿ. ಆರ್ಡುಯಿನೊ ಯುನೊ, ಸಿಎನ್‌ಸಿ ಶೀಲ್ಡ್, ಮೋಟರಿಗೆ ಕರೆಂಟ್ ಕೊಡುವ ಎರಡು ಎ4988 ಡ್ರೈವರ್ ತಂದೆ. ಜಿಆರ್‌ಬಿಎಲ್ ಹಾಕಿದೆ. ದುಂಡು ಮೋಟರ್ ಚೆನ್ನಾಗಿ ತಿರುಗಿತು. ಖುಷಿಯಲ್ಲಿ ಅದರ ಪ್ಲಗ್ ಕಿತ್ತು ಚೌಕದ ಮೋಟರ್ ಹಾಕಲು ಹೋದೆ. ಟಪ್ ಅಂತ ಸಣ್ಣ ಸದ್ದು. ಡ್ರೈವರ್ ಈಗ ಮಾತಾಡುತ್ತಿಲ್ಲ. ಮೋಟರ್ ಸುಟ್ಟಿತಾ?

ಸೋಲ್ಡರ್ ಹೊಗೆ · ಗುರುವಾರ, ಬೆಳಿಗ್ಗೆ 8:20

ಮೋಟರಿಗೆ ಏನೂ ಆಗಿಲ್ಲ. ಡ್ರೈವರ್ ಹೋಯಿತು. ಕರೆಂಟ್ ಇರುವಾಗ ಮೋಟರ್ ಪ್ಲಗ್ ಕೀಳಲೇಬಾರದು. ಕಾಯಿಲಿನಲ್ಲಿ ಹರಿಯುತ್ತಿದ್ದ ಕರೆಂಟ್ ದಿಢೀರನೆ ನಿಂತರೆ ವೋಲ್ಟೇಜ್ ಚಿಮ್ಮುತ್ತದೆ, ಚಿಪ್ ತಡೆಯುವುದಿಲ್ಲ. ಎಲ್ಲರೂ ಒಂದು ಸಲ ಮಾಡುತ್ತಾರೆ. ನಾನು ಮೂರು ಸಲ ಮಾಡಿದ್ದೇನೆ.

ಹೊಸ ಡ್ರೈವರ್ ಹಾಕುವ ಮುಂಚೆ ಕರೆಂಟ್ ಮಿತಿ ಸರಿ ಮಾಡಿದ್ದಿರಾ? ಡ್ರೈವರ್ ಮೇಲೆ ಸಣ್ಣ ಕಪ್ಪು ರೆಸಿಸ್ಟರ್ ಎರಡು ಇರುತ್ತವೆ. ಆರ್100 ಅಂತ ಬರೆದಿದ್ದರೆ 0.1 ಓಮ್. ಆಗ ಡ್ರೈವರಿನ ಮಿತಿ ತಿದ್ದುವ ಸ್ಕ್ರೂ ಮೇಲೆ ಅಳೆಯುವ ವೋಲ್ಟ್ ಅಂದರೆ ಬೇಕಾದ ಆಂಪಿಯರ್ ಗುಣಿಸು 0.8. ಸ್ಕ್ಯಾನರ್ ಮೋಟರಿನ ಮೇಲೆ ಆಂಪಿಯರ್ ಬರೆದಿರುವುದು ಅಪರೂಪ. 0.3 ಆಂಪಿಯರಿನಿಂದ ಶುರು ಮಾಡಿ, ಅಂದರೆ 0.24 ವೋಲ್ಟ್. ಹತ್ತು ನಿಮಿಷ ಓಡಿಸಿ ಮೋಟರ್ ಮೇಲೆ ಬೆರಳಿಡಿ. ಬೆಚ್ಚಗಿದ್ದರೆ ಸ್ವಲ್ಪ ಏರಿಸಿ. ಬೆರಳು ಇಡಲಾಗದಷ್ಟು ಬಿಸಿ ಆದರೆ ಇಳಿಸಿ.

ನಾಳೆ ಟೇಬಲ್ ಹತ್ತಿರ ಬನ್ನಿ, ಒಂದು ಹಳೇ ಡ್ರೈವರ್ ಇದೆ, ಕೊಡುತ್ತೇನೆ. ಭಾನುವಾರ ಬರಬೇಡಿ, ರೋಡಿನಲ್ಲಿ ಹೆಚ್ಚು ಕಡಿಮೆ ಎಲ್ಲ ಶಟರ್ ಇಳಿದಿರುತ್ತದೆ.

ಜಯನಗರ ಪ್ಲಾಟರ್ · ಗುರುವಾರ, ಬೆಳಿಗ್ಗೆ 10:05

ರಾಡ್ ಸಾಲದಿದ್ದರೆ ಜಾಲಿ ಮೊಹಲ್ಲಾ ಕಡೆ ಒಂದು ಸುತ್ತು ಹಾಕಿ. ಹಳೇ ಜೆರಾಕ್ಸ್ ಮೆಷಿನ್ ಕಂಡರೆ ಬಿಡಬೇಡಿ, ಅದರ ಮೋಟರ್ ಸ್ಕ್ಯಾನರಿನದಕ್ಕಿಂತ ದೊಡ್ಡದು. ಹೊತ್ತು ತರಲು ಆಟೋ ಬೇಕು, ಅದೊಂದೇ ಕಷ್ಟ. ಬೇರಿಂಗ್ ಬೇಕಾದರೆ ಎಸ್.ಜೆ.ಪಿ. ರೋಡ್.

ಗುಜರಿಪ್ರಿಯ · ಎರಡನೇ ಭಾನುವಾರ, ಸಂಜೆ 6:15

ಬರೆಯಿತು! ಸೋಲ್ಡರ್ ಹೊಗೆ ಅಣ್ಣನಿಗೆ ಒಂದು ಕಾಫಿ ಸಾಲ.

ಎಕ್ಸ್ ಕಡೆಗೆ ಎರಡನೇ ಸ್ಕ್ಯಾನರಿನ ಮೋಟರ್, ಗೇರ್, ಬೆಲ್ಟ್ ಎಲ್ಲ ಇದ್ದ ಹಾಗೇ. ವೈ ಕಡೆಗೆ ಚೌಕದ ಮೋಟರ್, ಹೊಸ ಜಿಟಿ2 ಬೆಲ್ಟ್ (ಹಲ್ಲಿಂದ ಹಲ್ಲಿಗೆ 2 ಎಂ.ಎಂ.), 20 ಹಲ್ಲಿನ ಪುಲ್ಲಿ. ಸ್ಕ್ಯಾನರ್ ಗಾಜೇ ಕೆಳಗಿನ ಹಾಸು. ಎಷ್ಟು ಸಮತಟ್ಟು ಅಂದರೆ ಕಾಗದ ಎಲ್ಲೂ ಏಳುವುದಿಲ್ಲ.

ಈಗ ತೊಂದರೆ. ವೃತ್ತ ಬರೆಸಿದರೆ ಕೋಳಿಮೊಟ್ಟೆ ಬರುತ್ತದೆ. ಜೊತೆಗೆ ಎಡಕ್ಕೂ ಬಲಕ್ಕೂ ಸಣ್ಣ ಚಪ್ಪಟೆ. 100 ಎಂ.ಎಂ. ಚೌಕ ಬರೆಸಿ ವರ್ನಿಯರ್ ಹಿಡಿದೆ. ವೈ ಸರಿಯಾಗಿ 100 ಇದೆ. ಎಕ್ಸ್ 101.6 ಬರುತ್ತಿದೆ. ಮೂರು ಸಲ ಬರೆಸಿದರೂ ಅಷ್ಟೇ.

ನನ್ನ ಲೆಕ್ಕ ಇದು. 7.5 ಡಿಗ್ರಿ ಅಂದರೆ ಸುತ್ತಿಗೆ 48 ಸ್ಟೆಪ್. ಮೋಟರ್ ಹಲ್ಲು 12, ದೊಡ್ಡ ಗೇರ್ 60, ಅಂದರೆ 5 ಪಟ್ಟು. ಮೈಕ್ರೋಸ್ಟೆಪ್ 8, ಅಂದರೆ ಒಂದು ಸ್ಟೆಪ್ಪನ್ನು ಡ್ರೈವರ್ 8 ಭಾಗ ಮಾಡುತ್ತದೆ. ಒಟ್ಟು 1920. ಪುಲ್ಲಿಗೆ 20 ಹಲ್ಲು, ಹಲ್ಲಿಗೆ 2 ಎಂ.ಎಂ., ಸುತ್ತಿಗೆ 40 ಎಂ.ಎಂ. ಹಾಗಾಗಿ $100ಕ್ಕೆ (ಎಕ್ಸ್ ಕಡೆ ಒಂದು ಎಂ.ಎಂ.ಗೆ ಎಷ್ಟು ಸ್ಟೆಪ್ ಎನ್ನುವ ಜಿಆರ್‌ಬಿಎಲ್ ಸೆಟ್ಟಿಂಗ್) 48 ಹಾಕಿದ್ದೇನೆ. ಎಲ್ಲಿ ತಪ್ಪಿದೆ? ಡೆಬಿಟ್ ಕ್ರೆಡಿಟ್ ತಾಳೆ ಆಗದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಹೊಸದೇ ತಗೊಳ್ಳಿ · ಎರಡನೇ ಭಾನುವಾರ, ಸಂಜೆ 6:40

ದುಂಡು ತಗಡಿನ ಮೋಟರುಗಳಲ್ಲಿ ಮೈಕ್ರೋಸ್ಟೆಪ್ ಸಮವಾಗಿ ಬರುವುದಿಲ್ಲ. ಅದೇ ಇರಬೇಕು.

ಸೋಲ್ಡರ್ ಹೊಗೆ · ಎರಡನೇ ಭಾನುವಾರ, ಸಂಜೆ 7:02

ಸಮವಾಗಿ ಬರುವುದಿಲ್ಲ ಎನ್ನುವುದು ನಿಜ. ಆದರೆ ಅದು ಒಂದು ಸ್ಟೆಪ್ ಒಳಗಿನ ಏರುಪೇರು, ಪ್ರತಿ ಸ್ಟೆಪ್ಪಿಗೂ ಸರಿಹೋಗುತ್ತದೆ. 100ಕ್ಕೆ 1.6 ಕೂಡಿಕೊಳ್ಳುತ್ತಾ ಹೋಗುವುದಿಲ್ಲ. ಸ್ಟೆಪ್ ತಪ್ಪಿದ್ದರೂ ಮೂರು ಸಲ ಒಂದೇ ಅಳತೆ ಬರುತ್ತಿರಲಿಲ್ಲ, ಅದೂ ಜಾಸ್ತಿ ಅಲ್ಲ, ಕಡಿಮೆ ಬರಬೇಕಿತ್ತು.

ಪೀಣ್ಯ ಲೇತ್ · ಎರಡನೇ ಭಾನುವಾರ, ರಾತ್ರಿ 8:30

101.6?

ಅದು ನಾಲ್ಕು ಇಂಚು ಅಲ್ವಾ ಸ್ವಾಮಿ! ಸರಿಯಾಗಿ ನಾಲ್ಕು ಇಂಚು. 25.4 ಗುಣಿಸು 4.

ನಿಮ್ಮ ಎಕ್ಸ್ ಕಡೆಯ ಹಳೇ ಬೆಲ್ಟ್ ಇಂಚಿನ ಬೆಲ್ಟ್. ಎಮ್‌ಎಕ್ಸ್‌ಎಲ್ ಅನ್ನುತ್ತಾರೆ. ಹಲ್ಲಿಂದ ಹಲ್ಲಿಗೆ 0.08 ಇಂಚು, ಅಂದರೆ 2.032 ಎಂ.ಎಂ. ಕಣ್ಣಿಗೆ ಜಿಟಿ2 ತರವೇ ಕಾಣುತ್ತದೆ, ಪಕ್ಕದಲ್ಲಿ ಹಿಡಿದರೆ ಹಲ್ಲಿನ ಆಕಾರ ಬೇರೆ, ಅದರದು ಚೌಕಳಿ, ಜಿಟಿ2ದು ದುಂಡಗೆ. ನೀವು ಹಲ್ಲಿಗೆ 2 ಹಿಡಿದಿರಿ. 50 ಹಲ್ಲಿಗೆ 100 ಎಂ.ಎಂ. ಅಂದುಕೊಂಡಿರಿ, ಅದು ನಾಲ್ಕು ಇಂಚು ಹೋಯಿತು.

20 ಗುಣಿಸು 2.032, 40.64. ಈಗ 1920ನ್ನು ಅದರಿಂದ ಭಾಗಿಸಿ. 47.244 ಬರುತ್ತದೆ. $100ಕ್ಕೆ ಅದನ್ನು ಹಾಕಿ.

ಅಂದಹಾಗೆ ಆ ಬೆಲ್ಟ್ ತುಂಡಾದರೆ ಜಿಟಿ2 ಬೆಲ್ಟ್ ತಂದು ಅದೇ ಪುಲ್ಲಿಗೆ ಹಾಕಬೇಡಿ. ಮೊದಲ ನಾಲ್ಕು ಹಲ್ಲು ಕೂರುತ್ತದೆ, ಆಮೇಲೆ ಹತ್ತಿ ಜಾರುತ್ತದೆ. ಬದಲಿಸುವುದಾದರೆ ಎರಡನ್ನೂ ಬದಲಿಸಿ.

ರಂಗೋಲಿ ಅಕ್ಕ · ಎರಡನೇ ಭಾನುವಾರ, ರಾತ್ರಿ 8:48

ಅಯ್ಯೋ, ನನ್ನ ರಂಗೋಲಿ ಎರಡು ವರ್ಷದಿಂದ ಒಂದು ಕಡೆ ಸ್ವಲ್ಪ ದಪ್ಪ ಬರುತ್ತಿದೆ. ನಾನು ಕಾಗದ ಹಿಗ್ಗುತ್ತದೆ ಅಂದುಕೊಂಡಿದ್ದೆ. ನಾಳೆ ಬೆಳಿಗ್ಗೆಯೇ ಬೆಲ್ಟ್ ನೋಡುತ್ತೇನೆ.

ಗುಜರಿಪ್ರಿಯ ಅವರೇ, ಆ ಎಡ ಬಲದ ಚಪ್ಪಟೆಗೆ ಮಾತ್ರ ಅಂಕಿ ಬದಲಿಸಿದರೆ ಏನೂ ಆಗದು. ಅದು ಗೇರಿನ ಸಡಿಲ, ಎಕ್ಸ್ ದಿಕ್ಕು ಬದಲಿಸುವ ಜಾಗ. ಜಿಆರ್‌ಬಿಎಲ್ ಅದನ್ನು ತಾನಾಗಿ ಸರಿದೂಗಿಸುವುದಿಲ್ಲ. ಬಟ್ಟು ಕಟ್ಟಿ. ಕಟ್ಟಿದ ಮೇಲೆ $1ಕ್ಕೆ 255 ಹಾಕಿ, ಇಲ್ಲದಿದ್ದರೆ ಗೆರೆ ಮುಗಿದ ತಕ್ಷಣ ಮೋಟರ್ ಕೈಬಿಡುತ್ತದೆ, ಬಟ್ಟು ಕ್ಯಾರೇಜನ್ನು ಎಳೆದುಕೊಳ್ಳಬಹುದು. ಮೋಟರ್ ಗರ್ ಅಂದರೆ $120 ಇಳಿಸಿ, ನಿಧಾನವಾಗಿ ಓಟ ಶುರು ಮಾಡಲಿ.

ಗುಜರಿಪ್ರಿಯ · ಸೋಮವಾರ, ಬೆಳಿಗ್ಗೆ 6:10

ರಾತ್ರಿಯೇ ಹಾಕಿದೆ. 47.244. ಚೌಕ 100 ಕ್ಕೆ 100. ತಾಳೆ ಆಯಿತು, ನಿದ್ದೆಯೂ ಬಂತು.

ಬಟ್ಟು ಮನೆಯಲ್ಲಿ ಇರಲಿಲ್ಲ. ಅಡುಗೆಮನೆಯಿಂದ ಸಣ್ಣ ಹಿತ್ತಾಳೆ ಕುಟ್ಟಾಣಿಯ ಒನಕೆ ತಂದು ಕಟ್ಟಿದ್ದೇನೆ. ಚಪ್ಪಟೆ ಹೋಯಿತು. ಅಮ್ಮ ಎದ್ದು ಏಲಕ್ಕಿ ಕುಟ್ಟಲು ಹುಡುಕುವ ಮೊದಲು ಬೇರೆ ಏನಾದರೂ ತರಬೇಕು.

ಸೋಲ್ಡರ್ ಹೊಗೆ · ಸೋಮವಾರ, ಬೆಳಿಗ್ಗೆ 9:00

ಟ್ಯೂಬುಗಳನ್ನು ಏನು ಮಾಡಿದಿರಿ? ಕಸದ ಗಾಡಿಗೆ ಹಾಕಬೇಡಿ. ಬಟ್ಟೆ ಸುತ್ತಿ ಡಬ್ಬಿಯಲ್ಲಿಟ್ಟು, ಬೋರ್ಡುಗಳ ಜೊತೆ, ಇ-ತ್ಯಾಜ್ಯ ತೆಗೆದುಕೊಳ್ಳಲು ಪರವಾನಗಿ ಇರುವವರಿಗೆ ಕೊಡಿ.

ಗುಜರಿಪ್ರಿಯ · ಸೋಮವಾರ, ಬೆಳಿಗ್ಗೆ 9:25

ಎರಡೂ ಟ್ಯೂಬ್ ಹಳೇ ಬಿಸ್ಕತ್ ಡಬ್ಬಿಯಲ್ಲಿ ಭದ್ರ. ಬೋರ್ಡಿನ ಜೊತೆ ಕಳಿಸುತ್ತೇನೆ.

ಎರಡು ಗಾಜು, ಹಳೆಯ ಎರಡು ಸ್ಕ್ಯಾನರಿನ ಉದ್ದ ಕನ್ನಡಿಗಳು, ಆ ಹೆಬ್ಬೆರಳು ಗಾತ್ರದ ಮೋಟರ್ ಉಳಿದಿವೆ. ಕನ್ನಡಿಯ ಲೇಪ ಮೇಲ್ಗಡೆಯೇ ಇದೆ, ಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ. ಯಾರಿಗಾದರೂ ಬೇಕಾ? ಬಿಟ್ಟಿ.

ಜಯನಗರ ಪ್ಲಾಟರ್ · ಸೋಮವಾರ, ಬೆಳಿಗ್ಗೆ 9:31

ಒಂದು ಗಾಜು ನನಗೆ. ಶನಿವಾರ ಬರುತ್ತೇನೆ.

ರಂಗೋಲಿ ಅಕ್ಕ · ಸೋಮವಾರ, ಬೆಳಿಗ್ಗೆ 10:15

ನನ್ನದೂ ಚೌಕಳಿ ಹಲ್ಲು. ಎರಡು ವರ್ಷ! ಇನ್ನೊಂದು ಗಾಜು ನನಗಿರಲಿ. ನಿಮ್ಮ ಅಮ್ಮನಿಗೆ ಒನಕೆ ವಾಪಸ್ ಕೊಡಿ, ನನ್ನ ಹತ್ತಿರ ಇನ್ನೊಂದು 200 ಗ್ರಾಮ್ ಬಟ್ಟು ಇದೆ, ಬರುವಾಗ ತರುತ್ತೇನೆ.